ಹಚ್ಚೀನ್ರಿ ಅಂದವರು ಯಾರು?

ವಿಮಾನ ನಡೆಸುವವನಿಗೆ ಕಥೆ ಕಟ್ಟುವ ಚಟವಿದೆ ಎಂದು ಗೊತ್ತಾದರೆ ಕೆಲಸ ಉಳಿಯುವುದಿಲ್ಲ. ಹೀಗಾಗಿ ಇದನ್ನು ಬರೆದು ನನಗೆ ನಷ್ಟವೇ ಹೊರತು ಲಾಭವಿಲ್ಲ. ಆದರೂ ಬರೆಯುತ್ತಿದ್ದೇನೆ... ನಡೆದದ್ದು ನಡೆದಿದೆ.

ನಾನು ಜಹೀರಾಬಾದಿನವನು. ಐವತ್ತರ ಹತ್ತಿರ ಬಂದಿದ್ದೇನೆ. ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋದವನು ಮತ್ತೆ ಬಂದು ಬೀಗ ಜಗ್ಗಿ ನೋಡುತ್ತೇನೆ. "ಗ್ಯಾಸ್ ಬಂದ್ ಮಾಡೀ?" ಎಂದು ಕೇಳಿ ಕೇಳಿ ಹೆಂಡತಿ ಗಿರಿಜಾಳ ತಲೆ ತಿಂದಿದ್ದೇನೆ. "ಇಂಥಾ ಮನಷ್ಯಾನ ಕೈಯಾಗ ವಿಮಾನ ಯಾರ್ ಕೊಟ್ರೋ!" ಎಂಬುದು ಅವಳ ಕಾಯಂ ಮಾತು.

ಆ ರಾತ್ರಿ ಯುರೋಪಿನಿಂದ ಹೈದರಾಬಾದಿಗೆ ಹೊರಟಿದ್ದೆವು. ಪಕ್ಕದಲ್ಲಿ ಸಹ ಪೈಲಟ್ ಬಸವರಾಜ. ಮೊದಲ ಸಲ ಜೊತೆಯಾಗಿದ್ದ. ಅವನ ಊರು ತಾಂಡೂರಿನ ಹತ್ತಿರದ ಬಶೀರಾಬಾದ್ ಎಂದು ತಿಳಿದದ್ದೇ ತಡ, ಇಬ್ಬರ ಬಾಯಿಂದಲೂ ಇಂಗ್ಲಿಷ್ ಇಳಿದು ಹೋಯಿತು. ಅವನಿಗೆ ನಾನು ಸರ್ ಹೋಗಿ ಅಣ್ಣಾರಾದೆ.

ಡಬ್ಬಿ ತೆರೆದ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕತ್ತಲ ಕಾಕ್‌ಪಿಟ್ಟಿನಲ್ಲಿ ಕಟಂ ಕುಟುಂ...

"ಅಣ್ಣಾರ, ನಿಮ್ಮ ಊರಾಗ ಕಬ್ಬು ಬಿಟ್ರ ಏನದರಿ? ನಮ್ಮ ತಾಂಡೂರ ತೊಗರಿಬ್ಯಾಳಿ ಬರಲಿಲ್ಲಂದ್ರ ನೀವು ಬರೀ ನೀರಿಗಿ ಒಗ್ಗರಣಿ ಹಾಕ್ಬೇಕು."

"ಹೌದೇನೋ ತಮ್ಮಾ? ಮತ್ತ ನಿಮ್ಮ ಹೋಳಿಗಿಗಿ ಬೆಲ್ಲ ಎಲ್ಲಿಂದ ಬರ್ತದ?"

ಮುಂದೆ ಮಿಂಚು. ಬೆಟ್ಟದಂಥ ಮೋಡ. ಕಂಪ್ಯೂಟರ್ ಹಿಡಿದಿದ್ದ ದಾರಿ ಬಿಡಿಸಿ, ವಿಮಾನದ ಮೂಗನ್ನು ಎಡಕ್ಕೆ ತಿರುಗಿಸಿದೆ. ಮೋಡ ದಾಟಿದ ಮೇಲೆ ಗುಂಡಿ ಒತ್ತಿ ಮತ್ತೆ ದಾರಿಗೆ ಹಚ್ಚಬೇಕು. ಒಬ್ಬ ಒತ್ತಬೇಕು, ಇನ್ನೊಬ್ಬ ಪರದೆ ನೋಡಿ ಗಟ್ಟಿಯಾಗಿ ಹೇಳಬೇಕು. ಅದೂ ಇಂಗ್ಲಿಷಿನಲ್ಲಿ, ಗೊತ್ತುಮಾಡಿದ ಮಾತುಗಳಲ್ಲೇ. ಮರೆತರೆ ವಿಮಾನ ಮೂಗಿನ ನೇರಕ್ಕೆ ಸುಮ್ಮನೆ ಹೋಗುತ್ತಲೇ ಇರುತ್ತದೆ.

ನಮ್ಮ ಎಡಕ್ಕಿದ್ದದ್ದು ಯುದ್ಧ ನಡೆಯುತ್ತಿದ್ದ ದೇಶ. ಅದರ ಆಕಾಶ ಎಲ್ಲರಿಗೂ ಬಂದ್. ಕ್ಷಿಪಣಿ ಹೆಸರು ಕೇಳಿ ಬರುವುದಿಲ್ಲ. ಬೆನ್ನ ಹಿಂದೆ ವಿಮಾನದ ತುಂಬ ಜನ ನಿದ್ದೆಯಲ್ಲಿದ್ದರು.

ಮೋಡ ದಾಟಿತು. ಬಸವರಾಜ ಬಗ್ಗಿ ರೊಟ್ಟಿ ಚೂರು ಆರಿಸುತ್ತಿದ್ದ. ನಾನು ಇಂಧನ ನೋಡುತ್ತಾ, ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದೆ: "ದಾರಿಗಿ ಹಚ್ಚೀಯೇನೋ?"

"ಹಚ್ಚೀನ್ರಿ."

ತಗ್ಗಿದ, ಶಾಂತ ದನಿ. ಕೇಳಿ ಸಮಾಧಾನವಾಯಿತು. ಎಲ್ಲಕ್ಕಿಂತ ವಿಚಿತ್ರ ಅದೇ... ನನಗೆ ಯಾವತ್ತೂ ಸಮಾಧಾನವಾಗುವುದಿಲ್ಲ. ಪರದೆ ಕೂಡ ನೋಡಲಿಲ್ಲ. ಎಲ್ಲಿಂದಲೋ ಲೋಬಾನದ ಧೂಪದ ವಾಸನೆ ಮೂಗಿಗೆ ತಾಗಿ, ಹೋಯಿತು.

ಮತ್ತೆ ರೊಟ್ಟಿ, ಮತ್ತೆ ಮಾತು...

ರೇಡಿಯೋ ಚೀರಿತು. ಎತ್ತ ಹೊರಟಿದ್ದೀರಿ, ಈಗಲೇ ಬಲಕ್ಕೆ ತಿರುಗಿ! ಪರದೆ ನೋಡಿದೆ. ನಮ್ಮ ದಾರಿಯ ಗೆರೆ ದೂರ, ಬಲಕ್ಕೆ. ಎಡಗಿಟಕಿಯಾಚೆ, ಕೆಳಗೆ ಕತ್ತಲಲ್ಲಿ, ಏನೋ ಕೆಂಪಗೆ ಹೊತ್ತಿ ಆರಿತು. ಬಲಕ್ಕೆ ತಿರುಗಿಸಿದೆ.

"ಹಚ್ಚೀನಿ ಅಂದೆಲ್ಲೋ ತಮ್ಮಾ?"

"ನಾ ಎಲ್ಲಿ ಅಂದೀನ್ರಿ ಅಣ್ಣಾರ?" ಅವನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ನಾನೂ ಕೇಳೀನಿ. ನೀವೇ ಮಷ್ಕಿರಿ ಮಾಡಿ ಅಂದ್ರಿ ಅಂತ ತಿಳ್ಕೊಂಡೆ. ದನಿ... ಹಿಂದಿಂದ ಬಂತಲ್ರಿ?"

ಕಾಕ್‌ಪಿಟ್ಟಿನೊಳಗಿನ ಹಿಂದಿನ ಸೀಟು ಖಾಲಿ. ಬಾಗಿಲಿಗೆ ಒಳಗಿನಿಂದ ಚಿಲಕ.

ಮಾತಿನಲ್ಲಿ ಮೈಮರೆತೆವು ಎಂದು ಬರೆದುಕೊಟ್ಟೆವು. ದನಿಯ ಸುದ್ದಿ ಎತ್ತಲಿಲ್ಲ. ಕೆಲಕಾಲ ಇಬ್ಬರನ್ನೂ ಮತ್ತೆ ತರಬೇತಿಗೆ ಕೂಡಿಸಿದರು. ಅಂದಿನಿಂದ ಕಾಕ್‌ಪಿಟ್ಟಿನಲ್ಲಿ ನಾನು ಕನ್ನಡ ಆಡುವುದಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ನಾರಾಯಣಖೇಡಕ್ಕೆ, ನಾದಿನಿಯ ಬಸುರಿ ಮಗಳ ಕುಬಸಕ್ಕೆ ಹೊರಟಿದ್ದೆವು. ಕೋಣೆಯಲ್ಲಿ ಅಂಗಿ ಗುಂಡಿ ಹಾಕುತ್ತಾ ಕೂಗಿದೆ: "ಗ್ಯಾಸ್ ಬಂದ್ ಮಾಡೀ?"

"ಮಾಡೀನ್ರಿ" ಎಂದು ಅಡುಗೆಮನೆ ಕಡೆಯಿಂದ ಬಂತು.

ಹೊರಗೆ ಬಂದೆ. ಗಿರಿಜಾ ಆಗಲೇ ಕಾರಿನಲ್ಲಿದ್ದಳು. ಬೀಗ ಹಾಕಿದೆ... ಜಗ್ಗಿ ನೋಡಲಿಲ್ಲ.

ಊರು ದಾಟಿ ಕಬ್ಬಿನ ಹೊಲಗಳು ಬಂದಾಗ ಅವಳು ಕೇಳಿದಳು: "ಒಳಗ ಯಾರ ಜೋಡಿ ಮಾತಾಡ್ಲಾಕತ್ತಿದ್ರಿ?"

"ನಿನ್ನ ಜೋಡಿ. ಗ್ಯಾಸ್ ಬಂದ್ ಮಾಡೀನಿ ಅಂದೆಲ್ಲ?"

"ನಾ ಯಾವಾಗ್ಲೋ ಬಂದು ಇಲ್ಲಿ ಕುಂತೀನ್ರಿ! ಚಹಾ ಇಟ್ಟವ್ರು ನೀವು, ನೀವೇ ಬಂದ್ ಮಾಡ್ತೀರಂತ ಬಿಟ್ಟೆ."

ಕಾರು ತಿರುಗಿಸಿದೆ.

ಅಡುಗೆಮನೆಯಲ್ಲಿ ಸುಟ್ಟ ಚಹಾದ ಕಮಟು. ಪಾತ್ರೆಯ ತಳ ಕರ್ರಗಾಗಿತ್ತು, ಅದರಡಿ ನೀಲಿ ಉರಿ. ಆ ಕಮಟಿನ ಕೆಳಗೆ, ತೆಳ್ಳಗೆ, ಲೋಬಾನ... ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಬಂದ್ ಮಾಡಿದ್ರೇನ್ರೀ?" ಹೊರಗಿನಿಂದ ಗಿರಿಜಾ ಕೂಗಿದಳು.

ಇಲ್ಲ ಎನ್ನಬೇಕೆಂದೆ. ಬಾಯಿ ತೆರೆಯಲಾಗಲಿಲ್ಲ.

"ಹಂಗಾರ ಬರ್ರಿ ಜಲ್ದಿ, ಹೊತ್ತಾತು," ಎಂದಳು, ಒಳಗಿನಿಂದ ಉತ್ತರ ಸಿಕ್ಕವಳ ಹಾಗೆ.

ಉರಿ ಇನ್ನೂ ಉರಿಯುತ್ತಲೇ ಇತ್ತು.