ಬಾಯಾರ ಕೈಯಲ್ಲಿ ಉಂಡಿಲ್ಲ ಎಂದೆ

“ಖರೆ ಹೇಳ್ರಿ ಬಾಯಾರ, ನನ್ನ ಮಗ ನಿಮ್ಮಲ್ಲೆ ಉಂಡಾನೋ ಇಲ್ಲೋ?”

ಬೈಲಹೊಂಗಲದ ಮಿಶನ್ ಅಂಗಳದಲ್ಲಿ ಅಪ್ಪ ಹೀಗೆ ಕೇಳಿದಾಗ ಬಾಯಾರ ಮೊಣಕೈತನಕ ಜೋಳದ ಹಿಟ್ಟಿತ್ತು. ನಾನು ಅಪ್ಪನ ಬೆನ್ನ ಹಿಂದೆ ಅಡಗಿದ್ದೆ.

ಎಪ್ಪತ್ತರ ದಶಕದ ಮಾತು. ಪರದೇಶದಿಂದ ಸೇವೆಗೆ ಬಂದು, ಊರವರ ಬಾಯಲ್ಲಿ ‘ಬಾಯಾರು’ ಆಗಿದ್ದ ಆಕೆ ಪ್ರತಿ ರವಿವಾರ ಮ್ಯಾಟ್ರಿಕ್ ಮುಗಿಸಿದ ನಮ್ಮಂಥ ಹುಡುಗರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದರು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಕಾಕಾ ನನ್ನನ್ನು ಅಲ್ಲಿ ಕಂಡ ದಿನ ದೊಡ್ಡ ಮನೆತನದ ಕುಡಿಯಾದ ನನಗೆ ಬೆವರಿಳಿಯಿತು. ಆಕೆ ಪಲ್ಯದಲ್ಲಿ ಮಾಂಸ ಬೆರೆಸುತ್ತಾಳೆ, ನಾನು ಬರೀ ನೋಡಲು ಹೋಗಿದ್ದೆ ಎಂದು ಮನೆಯಲ್ಲಿ ಬೊಗಳಿದೆ.

ಅಪ್ಪ ಬೋಗುಣಿಯ ಮುಚ್ಚಳ ತೆಗೆದ. ಒಳಗೆ ಬರೀ ಬದನೆಕಾಯಿ ಪಲ್ಯ.

“ವರ್ಷಾತ್ರೀ ಇಂವಾ ಇಲ್ಲೆ ಉಣ್ಣಾಕ ಹತ್ತಿ. ತನ್ನ ತಾಟು ತಾನ ತೊಳಿತಾನ,” ಎಂದರು ಬಾಯಾರು.

ಅಪ್ಪ ಮಾಂಸವನ್ನೇ ಮರೆತ. “ಏನಲೇ, ಗೌಡರ ಮಗ ಮುಸುರಿ ತಿಕ್ಕತೀಯೇನು?” ಅಪ್ಪನ ಜೊತೆಗೆ ಬಂದಿದ್ದ ನಮ್ಮ ಮನೆಯವರು ಹೋ ಎಂದು ನಕ್ಕರು.

“ಇಲ್ರೀ ಅಪ್ಪಾ, ನಿಮ್ಮಾಣಿ. ಈಕಿ ಸುಳ್ಳ ಹೇಳ್ತಾಳ,” ಎಂದೆ.

ಮನೆತನದ ಹುಡುಗನ ಆಣೆಯ ಮುಂದೆ ಹೊರಗಿನ ಹೆಂಗಸಿನ ಮಾತು ಎಷ್ಟರದು? ನಮ್ಮವರು ಪಲ್ಯವನ್ನು ಮಣ್ಣಿಗೆ ಸುರಿದು ಬಂದರು. ಮರುವಾರ ಆಕೆ ಮತ್ತೆ ಒಲೆ ಹಚ್ಚಿದರಂತೆ. ಉಣ್ಣಲು ಯಾರೂ ಹೋಗಲಿಲ್ಲ. ನಾನಂತೂ ಆ ಓಣಿಗೇ ಕಾಲಿಡಲಿಲ್ಲ.

ಈಗ ಊರವರು ಜಗಳ ಬಗೆಹರಿಸಲು ನನ್ನನ್ನೇ ಕರೆಯುತ್ತಾರೆ. ದೊಡ್ಡ ಮನೆತನದವನೊಬ್ಬ ಆಣೆ ಹಾಕಿದ ಕೂಡಲೇ ನಾನು ಮೊದಲು ಅವನನ್ನೇ ಅನುಮಾನಿಸುತ್ತೇನೆ.