ಸುಲ್ತಾನನ ತೊಟ್ಟಿ

ದಾಂಡೇಲಿಯ ಗ್ಯಾರೇಜಿನ ಮಜೀದನ ಮಗಳು ಇಶ್ರತ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಅವಳಿಗಿದ್ದ ದೊಡ್ಡ ಹೆಮ್ಮೆಯೆಂದರೆ ಸುಲ್ತಾನ. ಕಿವಿಯ ಬಳಿ ಕೆಂಪು ಗೆರೆಯಿದ್ದ, ಅಂಗೈಯಗಲದ ಆಮೆ. ಹಾಸ್ಟೆಲ್ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ, ಬಣ್ಣದ ಹರಳು ಮತ್ತು ಪ್ಲಾಸ್ಟಿಕ್ ತೆಂಗಿನ ಮರದ ನಡುವೆ ಅದರ ವಾಸ. ಗೆಳತಿಯರು ದೂರ ನಿಂತು "ಅಯ್ಯ, ಹೆಂಗ ಮುಟ್ಟತೀಯವ್ವ!" ಎಂದಷ್ಟೂ ಇಶ್ರತಳ ಎದೆ ಉಬ್ಬುತ್ತಿತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ತರಗತಿಯಲ್ಲಿ. ಹಾವು, ಓತಿ, ಆಮೆಗಳನ್ನು ಮನೆಯಲ್ಲಿ ಸಾಕುವ ಬಗ್ಗೆ ಏನನ್ನುತ್ತೀರಿ ಎಂದು ಮೇಡಂ ಕೇಳಿದರು. ತಣ್ಣನೆ ರಕ್ತದ ಪ್ರಾಣಿಗೆ ಸುಖವೇನು, ದುಃಖವೇನು ಎಂದು ಹುಡುಗರು ನಕ್ಕರು. ಹಳಿಯಾಳದ ಪಕ್ಕದ ಹಳ್ಳಿಯ ಸಿದ್ದಿ ಹುಡುಗಿ ಇಜಾಬೆಲ್ ಎದ್ದು ನಿಂತಳು.

"ನಾಯಿಗೆ ನೋವಾದ್ರ ಕುಂಯ್ ಅಂತೈತಿ, ಆಕಳು ಮೆಲುಕು ಹಾಕೂದು ಬಿಡತೈತಿ. ಇವು ಸುಮ್ಮನ ಇರ್ತಾವ್ರಿ. ಸುಮ್ಮನ ಅದಾವಂದ್ರ ಸುಖದಾಗ ಅದಾವಂತ ನಾವ ತಿಳಕೊಂಡಬಿಡ್ತೇವಿ."

ಕಾಲೇಜಿನ ವಿಚಾರಗೋಷ್ಠಿಯಲ್ಲಿ ಈ ವಿಷಯ ನೀನೇ ಮಾತಾಡು ಎಂದರು ಮೇಡಂ. ಇಶ್ರತಳ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ಆಮೆಯನ್ನೂ ಸಾಕದವಳಿಗೆ ವೇದಿಕೆ!

ಸಂಜೆ ಇಜಾಬೆಲ್ ಸುಲ್ತಾನನನ್ನು ನೋಡಲು ಬಂದಳು. ಚಿಪ್ಪಿನ ಅಂಚನ್ನು ಮೆಲ್ಲಗೆ ಒತ್ತಿ, "ಇಶ್ರತ, ಇದು ಮೆತ್ತಗಾಗೇತಿ. ಬಿಸಲ ಸಿಗವಲ್ದು ಇದಕ" ಎಂದಳು.

"ನೀ ಎಷ್ಟು ಆಮಿ ಸಾಕೀದಿ, ನನಗ ಹೇಳಾಕ?"

ಇಜಾಬೆಲ್ ಸುಲ್ತಾನನನ್ನು ಪೆಟ್ಟಿಗೆಯಲ್ಲಿಟ್ಟು ಹೋದಳು. ಬಾಗಿಲು ಹಾಕಿಕೊಂಡು ಇಶ್ರತ ತಾನೇ ಒತ್ತಿ ನೋಡಿದಳು. ಚಿಪ್ಪು ನೆನೆದ ರಟ್ಟಿನಂತೆ ಬಾಗಿತು. ಅವಳೂ ಅದೇ ಪುಸ್ತಕ ಓದಿದವಳು; ರೋಗ ಯಾವುದೆಂದು ಗೊತ್ತಿತ್ತು. ಆದರೆ ಇಜಾಬೆಲ್ ಹೇಳಿದ್ದು ನಿಜವೆಂದು ಒಪ್ಪುವುದು ಹೇಗೆ? ಸುಲ್ತಾನನ ಕಣ್ಣು ಬಾತು, ತಿನ್ನುವುದು ನಿಂತ ಮೇಲೆಯೇ ಅವಳು ಅದನ್ನೆತ್ತಿಕೊಂಡು ಮೇಡಂ ಹತ್ತಿರ ಓಡಿದ್ದು.

ಇಜಾಬೆಲ್ ಅಲ್ಲೇ ಇದ್ದಳು. ಮೇಡಂ ಚುಚ್ಚುಮದ್ದು ಕೊಟ್ಟು, "ಇದಕ್ಕೆ ಬಿಸಿಲು ಬೇಕು, ಅಗಲವಾದ ನೀರು ಬೇಕು. ಇಜಾಬೆಲ್, ನಿಮ್ಮ ಹಿತ್ತಲಲ್ಲಿ ತೊಟ್ಟಿ ಇದೆಯಲ್ಲ, ರಜೆಗೆ ಒಯ್ಯುತ್ತೀಯಾ?" ಎಂದರು. ಇಜಾಬೆಲ್ ಹೂಂ ಎಂದಳು; ಇಶ್ರತ ನೆಲ ನೋಡುತ್ತ ಒಪ್ಪಿಕೊಂಡಳು.

ರಜೆ ಮುಗಿಯುವ ಹೊತ್ತಿಗೆ ಅವಳು ಆ ಹಳ್ಳಿಗೆ ಹೋದಳು. ತೊಟ್ಟಿಯ ನಡುಗಲ್ಲಿನ ಮೇಲೆ ಸುಲ್ತಾನ ನಾಲ್ಕೂ ಕಾಲು ಚಾಚಿ ಬಿಸಿಲು ಕಾಯಿಸುತ್ತಿತ್ತು. ಇಶ್ರತಳನ್ನು ಕಂಡದ್ದೇ ಬುಳಕ್ಕೆಂದು ನೀರಿಗಿಳಿಯಿತು. ಇಜಾಬೆಲ್ ಸೊಪ್ಪು ಹಿಡಿದು ಬಂದರೆ ಅವಳತ್ತ ಈಜಿಕೊಂಡು ಬಂತು.

"ಸೊಪ್ಪಿಗೆ ಬರತೈತಿ, ನನ್ನ ಸಲುವಾಗಿ ಅಲ್ಲ" ಎಂದಳು ಇಜಾಬೆಲ್. ಆ ಸಮಾಧಾನದ ಮಾತು ಇಶ್ರತಳನ್ನು ಇನ್ನಷ್ಟು ಸುಟ್ಟಿತು.

"ಒಯ್ತೇನಿ ಇದನ್ನ."

"ಮತ್ತ ಆ ಗಾಜಿನ ಪೆಟಗಿಗೇನು?"

"ಇಲ್ಲ. ನಿಂದಕ್ಕಿಂತ ದೊಡ್ಡ ತೊಟ್ಟಿ ಮಾಡಸ್ತೇನಿ."

ದಾಂಡೇಲಿಯಲ್ಲಿ ಮಗಳ ಹಟ ನೋಡಿ ಮಜೀದನಿಗೆ ನಗು. "ಕಾಳಿ ಹೊಳ್ಯಾಗ ಬಿಟ್ಟರಾತಲ್ಲ ಬೇಟಾ?"

"ಬ್ಯಾಡ ಅಬ್ಬಾ, ಇದು ಹೊರದೇಶದ್ದು. ನಮ್ಮ ಹೊಳಿ ಆಮಿಗೋಳ ಕೂಳು ಕಸಗೊಂತೈತಿ."

ಮಜೀದ ಹಳೆಯ ಟ್ಯಾಂಕರನ್ನು ಉದ್ದಕ್ಕೆ ಸೀಳಿ, ಅಂಚು ಉಜ್ಜಿ, ಬಣ್ಣ ಬಳಿದು, ಹತ್ತಿ ಕೂರಲು ಇಳಿಜಾರು ಹಲಗೆ ಕೂಡಿಸಿದ. ಬಿಸಿಲು ಬೀಳುವ ಜಾಗದಲ್ಲಿದ್ದ ಕೆಟ್ಟ ಜೀಪನ್ನು ಎಳೆಸಿ, ಅಲ್ಲಿ ತೊಟ್ಟಿಯನ್ನಿಟ್ಟ. ಕಾಲೇಜಿದ್ದಾಗ ಅವನೇ ನೀರು ಬದಲಿಸುತ್ತಿದ್ದ.

ಈಗ ಇಶ್ರತ ದಾಂಡೇಲಿಯಲ್ಲೇ ಪ್ರಾಣಿವೈದ್ಯೆ. ಆಮೆ ಕೊಳ್ಳಲೇ ಎಂದು ಸಲಹೆ ಕೇಳಿ ಬಂದವರನ್ನು ಈ ತೊಟ್ಟಿಯ ಮುಂದೆ ನಿಲ್ಲಿಸುತ್ತಾಳೆ: "ಇಷ್ಟು ಜಾಗ ಐತೇನ್ರಿ? ಇಲ್ಲಂದ್ರ ಬ್ಯಾಡ." ಬಹಳ ಜನ ಆ ಆಸೆ ಬಿಟ್ಟು ಹಿಂದಿರುಗುತ್ತಾರೆ.

ಮೊನ್ನೆ ಇಜಾಬೆಲ್ ಬಂದಿದ್ದಳು. ತೊಟ್ಟಿಯ ಸುತ್ತ ನಡೆದು, "ಖರೇನ ನಂದಕ್ಕಿಂತ ದೊಡ್ಡದೈತಿ ಬಿಡು" ಎಂದಳು. ಇಶ್ರತಳ ಮುಖ ಅರಳಿತು. ಅಷ್ಟರಲ್ಲಿ ಇಜಾಬೆಲ್ ಬುಟ್ಟಿಯಿಂದ ಸೊಪ್ಪು ಎತ್ತಿದಳು. ಸುಲ್ತಾನ ನೀರು ಸೀಳುತ್ತ ಅವಳ ಕಡೆ ಹೊರಟಿತು. ಇಶ್ರತ ಸೊಪ್ಪನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅದರ ಹೊಟ್ಟಿ ತುಂಬೇತಿ. ನಡಿ, ಚಾ ಕುಡಿಯೂಣು" ಎಂದಳು.

ಬೆಳಗಿನಿಂದ ಸುಲ್ತಾನನಿಗೆ ಏನೂ ಹಾಕಿರಲಿಲ್ಲ. ಇಜಾಬೆಲ್ ಬಸ್ಸು ಹತ್ತಿದ ಮೇಲೆ ಇಶ್ರತ ತೊಟ್ಟಿಯ ಬಳಿ ಬಂದು, ತಾನೇ ಒಂದೊಂದೇ ಎಲೆ ತಿನ್ನಿಸಿದಳು.