ಕಂಬಳಿ ಬಿದ್ದ ಜಾಗ

ಕೊಲ್ಹಾಪುರದಲ್ಲಿ ಬಾಡಿಗೆ ಮನೆ ಹುಡುಕುವ ಹೆಂಗಸಿಗೆ ಮೊದಲು ಎದುರಾಗುವುದು ಬಾಡಿಗೆಯ ಪ್ರಶ್ನೆಯಲ್ಲ. “ಮಿಸ್ಟರ್ ಕುಠೇ ಅಸತಾತ?” ಯಜಮಾನರು ಎಲ್ಲಿರುತ್ತಾರೆ? ನನ್ನ ಯಜಮಾನರು ಇಚಲಕರಂಜಿಯಲ್ಲಿ ತಮ್ಮ ಮಗ್ಗಗಳ ಸದ್ದಿನೊಳಗೆ ಸುಖವಾಗಿದ್ದರು. ನಾನು ಅವರನ್ನು ಬಿಟ್ಟು ಬಂದಿದ್ದೆ. ಅದನ್ನು ಹೇಳಿದರೆ ಬಾಗಿಲು ಮುಚ್ಚುತ್ತಿತ್ತು. ಹೇಳದಿದ್ದರೆ ಇನ್ನಷ್ಟು ಪ್ರಶ್ನೆ ಕೇಳಿ ಆಮೇಲೆ ಮುಚ್ಚುತ್ತಿತ್ತು.

ನಾನಾಗ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತ, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದೆ. ಅಲ್ಲಿ ಮಕ್ಕಳಿಗೆ ಜಾಗವಿಲ್ಲ. ಮಗಳನ್ನು ಗಡಹಿಂಗ್ಲಜದ ಹತ್ತಿರ ನೂಲದಲ್ಲಿ, ತಮ್ಮನ ಮನೆಯಲ್ಲಿ ಬಿಟ್ಟಿದ್ದೆ. ಗಂಡ ಹಿರಿಯರ ಮುಂದೆ ಮಾತು ಮುಗಿಸಿಬಿಟ್ಟಿದ್ದ: “ಜೂನ್‌ದಾಗ ಸಾಲಿ ಸುರು ಆಗೂದ್ರೊಳಗ ಒಂದ್ ಮನಿ ಮಾಡಿ ತೋರ್ಸು. ಇಲ್ಲಂದ್ರ ಹುಡುಗಿ ನನ್ನ ಕಡೆ ಇರ್ತಾಳ.” ಹಿರಿಯರು ಗೋಣು ಹಾಕಿದರು. ಅವರಿಗೇನು, ಗೋಣು ಹಾಕುವುದಕ್ಕೆ ಡಿಪಾಜಿಟ್ ಕೊಡಬೇಕಾಗಿಲ್ಲ.

ಮೇ ತಿಂಗಳಿಡೀ ತಿರುಗಿದೆ. ಮನಸ್ಸಿಗೆ ಬಂದ ಮನೆಯ ಡಿಪಾಜಿಟ್ ಕೈಗೆ ಎಟುಕುತ್ತಿರಲಿಲ್ಲ, ಕೈಗೆ ಎಟುಕಿದ ಮನೆಗೆ ಕಿಟಕಿಯೇ ಇರುತ್ತಿರಲಿಲ್ಲ. ಡ್ಯೂಟಿ ಮುಗಿಸಿ ಏಜಂಟನ ಸ್ಕೂಟರಿನ ಹಿಂದೆ ಕೂತು ಹೋಗುವುದು, ಮೆಟ್ಟಿಲು ಹತ್ತುವುದು, ಇಳಿಯುವುದು. ರಾತ್ರಿ ನಿದ್ದೆಯಲ್ಲೂ ಮೆಟ್ಟಿಲು ಹತ್ತುತ್ತಿದ್ದೆ. ಕೊನೆಗೆ ಏಜಂಟನೇ ಹೇಳಿದ, ಜೊತೆಗೊಬ್ಬ ಗಂಡಸನ್ನು ಕರಕೊಂಡು ಬನ್ನಿ, ಯಾರಾದರೂ ಸರಿ.

ಯಾರನ್ನು ತರಲಿ? ಅಪ್ಪನನ್ನು ಕರೆಸಿದೆ.

ಅಪ್ಪ ಜೀವಮಾನವಿಡೀ ಕುರಿ ಕಾದವನು. ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡು ತರುಬಿ ತಂಗಿಸುವುದು ನಮ್ಮವರ ಕಸುಬು. ರಾತ್ರಿ ಕುರಿ ಮಲಗಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ಹೊಲದವರು ನಮಗೆ ಕಾಳು ಕೊಡುತ್ತಾರೆ. ಅಪ್ಪ ತಲೆಗೆ ಪಟಗ ಸುತ್ತಿ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಎಸ್‌ಟಿ ಬಸ್ಸಿನಿಂದ ಇಳಿದ. ಡಿಪಾಜಿಟ್ಟು, ಬಾಡಿಗೆ ಎಲ್ಲ ವಿವರಿಸಿದೆ. ನಡುರಸ್ತೆಯಲ್ಲೇ ನಿಂತುಬಿಟ್ಟ.

“ನಾವ್ ತಂಗಿದ್ರ ಹೊಲದವ್ರು ಜ್ವಾಳ ಕೊಡತಿದ್ರು. ಇಲ್ಲಿ ನಾವ ಕೊಟ್ಟು ನಾವ ಕೈ ಮುಗೀಬೇಕನ? ಎಂಥಾ ಊರ್ ಯವ್ವಾ ಇದು!”

“ಅಪ್ಪಾ, ನೀ ಸುಮ್ನ ಕುಂದ್ರು. ಏನೂ ಮಾತಾಡಬ್ಯಾಡ.”

ಮೊದಲ ಮನೆಯಲ್ಲಿ ಸುಮ್ಮನೇ ಕೂತಿದ್ದ. ಎಲ್ಲ ಕುದುರಿತ್ತು, ಚಹಾ ಕೂಡ ಬಂತು. ಮಾಲಕರು ಸುಮ್ಮನೆ ಮಾತಿಗೆಂದು ಕೇಳಿದರು, ಬಾಬಾ, ನೀವೂ ಇಲ್ಲೇ ಇರುತ್ತೀರಲ್ಲ? ಹೂಂ ಅಂದಿದ್ದರೆ ಮುಗಿದಿತ್ತು. ಅಪ್ಪ ತನ್ನ ಮುರುಕು ಮರಾಠಿಯಲ್ಲಿ, ನಾನು ಒಂದು ಹೊಲದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ನಿಂತವನೇ ಅಲ್ಲ ಎಂದು ಹೆಮ್ಮೆಯಿಂದ ಹೇಳಿದ. ಅಷ್ಟಕ್ಕೇ ಬಿಡದೆ, ಇಲ್ಲಿ ಮೊದಲಿದ್ದವರು ಯಾಕೆ ಎದ್ದುಹೋದರು, ನೀರು ಸರಿಯಿಲ್ಲವೇ ಎಂದೂ ಕೇಳಿದ. ಮಾಲಕರು ಫೋನ್ ಮಾಡುತ್ತೇವೆ ಅಂದರು. ಅವರ ಫೋನು ಇವತ್ತಿಗೂ ಬಂದಿಲ್ಲ.

ಸಿಟ್ಟು ನೆತ್ತಿಗೇರಿತು. ರಸ್ತೆಯಲ್ಲೇ ಬೈದೆ. ಅಪ್ಪ ಬೈಸಿಕೊಂಡ.

ಎರಡನೆಯ ಮನೆ ಮೇಲ್ಮಹಡಿಯ ಎರಡು ಖೋಲಿ. ಕೆಳಗೆ ಮಾಲಕಿ ಒಬ್ಬರೇ ಇರುತ್ತಿದ್ದರು. ತವರು ಚಿಕ್ಕೋಡಿ ಕಡೆ, ಹೀಗಾಗಿ ಕನ್ನಡವೇ ಬಂತು. ಮನೆ ತೋರಿಸಿ, “ಇನ್ನೊಂದ್ ಪಾರ್ಟಿ ಸಂಜಿಕ ನೋಡಾಕ ಬರಾಕತ್ತೇತ್ರಿ. ನಾಳೆ ಹೇಳ್ತೇನಿ,” ಅಂದರು. ಆ ದನಿಯ ಅರ್ಥ ನನಗೆ ಚೆನ್ನಾಗಿ ಗೊತ್ತಾಗಿತ್ತು.

ಬಸ್ ಸ್ಟ್ಯಾಂಡಿಗೆ ಬಂದಾಗ ನೋಡಿದರೆ ಅಪ್ಪನ ಹೆಗಲು ಖಾಲಿ!

“ಕಂಬಳಿ ಎಲ್ಲೆ? ಮರತ್ ಬಂದಿ?”

“ಮರತಿಲ್ಲ. ಇಟ್ಟ್ ಬಂದೇನಿ.”

ಹಣೆ ಚಚ್ಚಿಕೊಂಡೆ. ನಮ್ಮವರಲ್ಲಿ ಹಿಂಡಿಗಿಂತ ಮುಂದೆ ಹೋಗಿ ಹೊಲ ಗೊತ್ತು ಮಾಡಿದವನು ಅಲ್ಲಿ ತನ್ನ ಕಂಬಳಿ ಹಾಸಿ, ಸುತ್ತಮುತ್ತ ನೀರು ನೋಡಲು ಹೋಗುತ್ತಾನೆ. ಕಂಬಳಿ ಬಿದ್ದ ಜಾಗಕ್ಕೆ ಬೇರೆ ಹಿಂಡು ಕಾಲಿಡುವುದಿಲ್ಲ. ಅದು ನಮ್ಮ ಹೊಲಗಳ ಕಡೆಯ ಮಾತು. ಕೊಲ್ಹಾಪುರದಲ್ಲಿ ಅದನ್ನು ಯಾರು ಕೇಳುತ್ತಾರೆ? ನಾಚಿಕೆಯಿಂದ ಸಾಯುವಂತಾಗಿ, ಅಪ್ಪನನ್ನು ಎಳೆದುಕೊಂಡು ರಿಕ್ಷಾದಲ್ಲಿ ತಿರುಗಿ ಹೋದೆ.

ಮಾಲಕಿ ಕಂಬಳಿಯನ್ನು ಮುಟ್ಟಿರಲಿಲ್ಲ. ಒಳಖೋಲಿಯಲ್ಲಿ ಅದು ಹಾಸಿದ ಹಾಗೇ ಇತ್ತು. “ಆ ಪಾರ್ಟಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡೇನವ್ವಾ,” ಅಂದರು. “ನಮ್ಮಪ್ಪನ ಹೊಲದಾಗ ವರ್ಷಾ ಕುರಿ ತರುಬತಿದ್ರು. ಕಂಬಳಿ ಹಾಸಿದ್ ಮ್ಯಾಲ ಇನ್ನೊಬ್ರನ್ನ ಹೆಂಗ್ ಕರೀಲಿ?” ಅವರು ಅಪ್ಪನ ಕಡೆ ತಿರುಗಿದರು. “ಆದ್ರ ನಾ ಒಬ್ಬಾಕಿ, ಇಕಿನೂ ಒಬ್ಬಾಕಿ. ಗಂಡಸ್ ಅಂತ ಯಾರ್ ಇರ್ತೀರ್ರಿ?”

ನಾನು ಕಣ್ಣು ಮುಚ್ಚಿಕೊಂಡೆ.

“ನಾ ಇರ್ತೇನ್ರಿ,” ಅಂದ ಅಪ್ಪ.

ಕರಾರುಪತ್ರವಾಯಿತು, ಮಗಳು ಬಂದಳು, ಶಾಲೆ ಶುರುವಾಯಿತು. ಇಚಲಕರಂಜಿಯಿಂದ ಗಂಡ ಬಂದು ಮನೆ ನೋಡಿ, ಚಹಾ ಕುಡಿದು, ತೆಪ್ಪಗೆ ಹೋದ. ಆದರೆ ಅಪ್ಪ! ಮಳೆಗಾಲವಿಡೀ ಆ ಎರಡು ಖೋಲಿಗಳಲ್ಲಿ ಅವನು ಒಂದು ಕಡೆ ಕೂತದ್ದಿಲ್ಲ. ಮಳೆ ನಿಂತರೆ ಟೆರೇಸಿಗೆ, ಬಂದರೆ ಒಳಕ್ಕೆ. ಮಲಗುವಾಗ ಬಾಗಿಲು ತೆರೆದಿಡಬೇಕು ಎಂದು ಅವನು, ಕಳ್ಳರ ಭಯ ಎಂದು ನಾನು, ದಿನವೂ ಜಗಳ. ಬೆಲ್ಲಕ್ಕೆಂದು ಅಂಗಡಿಗೆ ಹೋದವನು ಪಂಚಗಂಗೆ ಹೊಳೆಯ ತನಕ ನಡೆದು ಹೋಗಿ ಸಂಜೆಗೆ ಬರುತ್ತಿದ್ದ. ಬೆಲ್ಲ ತಂದಿರುತ್ತಿರಲಿಲ್ಲ.

ದೀಪಾವಳಿ ಮುಗಿಯಿತು. ಹಿಂಡು ಹೊರಡುತ್ತಿದೆ ಎಂದು ತಮ್ಮನ ಫೋನು ಬಂತು. ಅಪ್ಪ ಊಟ ಅರ್ಧಕ್ಕೇ ಬಿಟ್ಟೆದ್ದ. ಎರಡು ದಿನ ನೋಡಿದೆ. ನನ್ನಿಂದ ತಡೆಯಲಾಗಲಿಲ್ಲ.

“ಅಪ್ಪಾ, ಹೋಗಿ ಬಾ.”

“ಮಾಲಕಿ ಕೇಳಿದ್ರ?”

ಕೇಳಿದವನೇ ಒಳಗೆ ಹೋಗಿ, ಕಂಬಳಿಯನ್ನು ಬಾಗಿಲಿಂದ ಕಾಣುವ ಹಾಗೆ ಹಾಸಿ ಬಂದ.

“ನೀರ್ ನೋಡಾಕ ಹೋಗ್ಯಾನ ಅನ್ನು.”

“ಚಳಿ ಬರಾಕತ್ತೇತಿ. ಹೊದಿಯಾಕ ಏನ್ ಮಾಡ್ತಿ?”

“ಹಿಂಡಿನ ನಡುವ ಮಲಗಾಂವ್ಗ ಎಲ್ಲೀ ಚಳಿ ಹೋಗ!” ಅಂದು ಮೆಟ್ಟಿಲಿಳಿದ. ಎಷ್ಟು ಭರಭರ ಇಳಿದನೆಂದರೆ ನನಗೆ ಹೊಟ್ಟೆ ಉರಿಯಿತು.

ಮರುದಿನ ಸಂಜೆ ಮಾಲಕಿ ಮೇಲೆ ಬಂದರು. “ಬಾಬಾ ಕಾಣವಲ್ರಲ್ಲ?” ನಾನು ಬಾಯಿ ತೆರೆಯುವ ಮೊದಲೇ ಮಗಳು, “ಅಜ್ಜ ನೀರ್ ನೋಡಾಕ ಹೋಗ್ಯಾನ್ರಿ,” ಅಂದಳು. ಮಾಲಕಿ ಬಾಗಿಲಲ್ಲೇ ನಿಂತು ಕಂಬಳಿಯನ್ನು ನೋಡಿದರು.

“ನೋಡಿ ಬರ್ಲಿ ಬಿಡವ್ವಾ,” ಅಂದರು. “ಗಡಬಡಿ ಏನಿಲ್ಲ.”

ಆ ಸಲ ಚಳಿ ಜೋರಾಗಿಯೇ ಬಿತ್ತು. ತಡೆಯಲಾರದೆ ತಮ್ಮನಿಗೆ ಫೋನ್ ಮಾಡಿ, ಅಪ್ಪ ಏನು ಹೊದ್ದುಕೊಳ್ಳುತ್ತಾನೆ ಎಂದು ಕೇಳಿದೆ.

“ನಂದ್ ಕಸಗೊಂಡಾನ,” ಅಂದ ತಮ್ಮ. “ನಾ ನಡಗಾಕತ್ತೇನಿ ಇಲ್ಲೆ.”

ನಕ್ಕೆ. ಫೋನ್ ಇಟ್ಟ ಮೇಲೆ ಅಳು ಬಂತು.